ಸಹಪಾಠಿಯ ದುಃಖ

(ಬೀದರ ನಗರದಲ್ಲಿ ಕೂಡಿದ ಶಿಕ್ಷಕರ ಹಾಗೂ ಪಾಲಕರ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಪಾಠ)



ಮಕ್ಕಳ ಶಿಕ್ಷಣದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನೀವು ನನಗೆ ಅಪ್ಪಣೆ ಮಾಡಿದಿರಿ. ಔರಾದ ಮತ್ತು ಭಾಲ್ಕಿ ತಾಲೂಕುಗಳ ಹಳ್ಳಿಗಳಲ್ಲಿ ಪಾಟಿ ಬಳಪಗಳ ನಡುವೆಯೇ ಆಯುಷ್ಯವನ್ನು ಕಳೆದವನು ನಾನು. ಪಂಡಿತನಲ್ಲ, ವಾಗ್ಮಿಯಂತೂ ಮೊದಲೇ ಅಲ್ಲ. ಆದರೆ ಮಕ್ಕಳನ್ನು ಕಂಡಿದ್ದೇನೆ. ಮಕ್ಕಳ ಮುಂದೆ ತಪ್ಪುಗಳನ್ನೂ ಮಾಡಿದ್ದೇನೆ. ಆ ತಪ್ಪುಗಳು ಕಲಿಸಿದಷ್ಟು ನನಗೆ ಯಾವ ಗ್ರಂಥವೂ ಕಲಿಸಲಿಲ್ಲವಾದ್ದರಿಂದ, ಅವುಗಳಲ್ಲಿ ಒಂದನ್ನಾದರೂ ಈ ದಿನ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕೆಂದು ಬಂದಿದ್ದೇನೆ.

ಕೆಲವು ದಿನಗಳ ಹಿಂದೆ ಸದ್ಗೃಹಸ್ಥರೊಬ್ಬರು ನನ್ನ ಮನೆಗೆ ಬಂದರು. "ಮಾಸ್ತರರೇ, ನನ್ನ ಮಗನ ಪಕ್ಕದಲ್ಲಿ ತಾಂಡಾದ ಹುಡುಗನೊಬ್ಬನನ್ನು ಕೂಡಿಸಿದ್ದಾರೆ. ಆ ಹುಡುಗನಿಗೆ ಕನ್ನಡ ಸರಿಯಾಗಿ ಬಾರದು. ನಾಲ್ಕು ತಿಂಗಳು ಶಾಲೆಯಲ್ಲಿದ್ದರೆ ನಾಲ್ಕು ತಿಂಗಳು ಇರುವದಿಲ್ಲ. ನನ್ನ ಮಗನ ಅಭ್ಯಾಸ ಕೆಡುವದಿಲ್ಲವೇ? ಅವನನ್ನು ಬೇರೆ ಕಡೆಗೆ ಕೂಡಿಸುವಂತೆ ನೀವು ಒಂದು ಮಾತು ಹೇಳಿರಿ" ಎಂದು ಕೇಳಿಕೊಂಡರು. ಅವರು ಕೆಟ್ಟವರಲ್ಲ. ಪ್ರತಿವರ್ಷ ಶಾಲೆ ತೆರೆಯುವ ಹೊತ್ತಿಗೆ ಬಡ ಹುಡುಗರಿಗೆ ವಹಿಗಳನ್ನು ಹಂಚುವವರು. ಆ ತಾಂಡಾದ ಹುಡುಗನ ಕೈಯಲ್ಲಿದ್ದ ವಹಿಯೂ ಬಹುಶಃ ಅವರು ಕೊಟ್ಟದ್ದೇ! ವಹಿಯನ್ನು ಕೊಡಲು ಒಪ್ಪಿದ ಕೈ ಪಕ್ಕದಲ್ಲಿ ಸ್ಥಳವನ್ನು ಕೊಡಲು ಮಾತ್ರ ಒಪ್ಪಲಿಲ್ಲ.

ಆ ದಿನ ನಾನು ಅವರಿಗೆ ಉತ್ತರ ಕೊಡದೆ ಕುಳಿತೆನು. ಈ ದಿನ ನಾನು ಮಾಡುವ ಭಾಷಣವೇ ಅವರಿಗೆ ನನ್ನ ಉತ್ತರವೆಂದು ತಿಳಿಯಿರಿ. ಉಣ್ಣಲು ಉಡಲು ಕೊರತೆಯಿಲ್ಲದ ಮನೆಯ ಮಗುವಿನಲ್ಲಿ, ಕಷ್ಟದಲ್ಲಿರುವ ಸಹಪಾಠಿಯ ವಿಷಯವಾಗಿ ಅನುಕಂಪವು ಹುಟ್ಟುವದು ಹೇಗೆ? ಅದನ್ನು ಬೆಳೆಯಿಸುವ ಹೊಣೆ ಯಾರದು? ಇದೇ ನಾನು ವಿಚಾರ ಮಾಡತಕ್ಕ ಪ್ರಶ್ನೆ.

ಮರುಕವೂ ಅನುಕಂಪವೂ

ಮರುಕ ಬೇರೆ, ಅನುಕಂಪ ಬೇರೆ. ಮರುಕವು ಮೇಲಿನಿಂದ ಕೆಳಗೆ ಇಳಿಯುವಂಥದು. ಮೇಲೆ ನಿಂತವನು ಕೆಳಗೆ ಬಿದ್ದವನನ್ನು ನೋಡಿ "ಅಯ್ಯೋ ಪಾಪ" ಎನ್ನುತ್ತಾನೆ. ಒಂದು ಕಾಸು ಎಸೆದು ಮುಂದೆ ಹೋಗುತ್ತಾನೆ. ಅನುಕಂಪವೆಂದರೋ, ಆ ಶಬ್ದದಲ್ಲಿಯೇ ಅದರ ಅರ್ಥವಿದೆ: ಇನ್ನೊಬ್ಬನು ನಡುಗಿದರೆ ಅವನ ಜೊತೆಯಲ್ಲಿ ತಾನೂ ನಡುಗುವದು. ಜೊತೆಯಲ್ಲಿ ನಡುಗಬೇಕಾದರೆ ಜೊತೆಯಲ್ಲಿ ಕುಳಿತಿರಬೇಕು. ದೂರದಲ್ಲಿ ಕುಳಿತವನಿಗೆ ಮರುಕವು ಸಾಧ್ಯವಾದೀತು, ಅನುಕಂಪವು ಸಾಧ್ಯವಾಗದು.

ಈ ಭೇದವನ್ನು ಬಲ್ಲ ನೆಲ ನಮ್ಮದು. ಹನ್ನೆರಡನೆಯ ಶತಮಾನದಲ್ಲಿ ಶರಣರು ಕೂಡಿದ ಕಲ್ಯಾಣವು ಈ ಜಿಲ್ಲೆಯಲ್ಲಿಯೇ ಇದೆ. ಅವರು ತಮ್ಮ ಅನ್ನದಾನವನ್ನು ದಾನವೆಂದು ಕರೆಯಲಿಲ್ಲ, ದಾಸೋಹವೆಂದು ಕರೆದರು. ದಾಸೋಹವೆಂದರೆ "ನಾನು ದಾಸನು" ಎಂಬ ಭಾವ. ನೀಡುವವನು ದಾಸನಾದ ಮೇಲೆ ಉಣ್ಣುವವನು ತಲೆ ತಗ್ಗಿಸುವ ಕಾರಣವೇನು? 2002ರಲ್ಲಿ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟವನ್ನು ಕೊಡುವ ಯೋಜನೆಯು ನಮ್ಮ ಬೀದರವೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಮೊದಲು ಆರಂಭವಾಯಿತು. ಅದಕ್ಕೆ "ಅಕ್ಷರ ದಾಸೋಹ"ವೆಂದು ಹೆಸರಿಟ್ಟರು. ಹೆಸರನ್ನಿಟ್ಟವರ ಮನಸ್ಸಿನಲ್ಲಿ ಏನಿತ್ತೋ ನಾನರಿಯೆ; ಆದರೆ ಆ ಹೆಸರಿಗೆ ನಾವು ಸತ್ಯವಾಗಿ ನಡೆದುಕೊಂಡರೆ ನನ್ನ ಭಾಷಣವು ಇಲ್ಲಿಗೇ ಮುಗಿದಂತೆ. ನಡೆದುಕೊಂಡಿಲ್ಲವಾದ್ದರಿಂದ ಮುಂದುವರಿಸುತ್ತೇನೆ.

ನಮ್ಮ ಹಿರಿಯರು ಕುಳಿತ ಸ್ಥಳ

ಪಾಠದ ಭಾಷೆಯನ್ನರಿಯದೆ ವರ್ಗದಲ್ಲಿ ಕೂಡುವ ಮಗುವಿನ ದುಃಖವು ನಮಗೆ ಪರಕೀಯವೇ? ಮಹನೀಯರೇ, ಸ್ವಲ್ಪ ಹಿಂದಕ್ಕೆ ತಿರುಗಿ ನೋಡಿರಿ. 1948ನೆಯ ಸೆಪ್ಟೆಂಬರ 17ರ ವರೆಗೆ ಈ ಸೀಮೆಯು ನಿಜಾಮ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದು. ಮೇಲಿನ ಓದಿಗೆ ಉರ್ದುವೇ ಮುಖ್ಯ ಬಾಗಿಲು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕನ್ನಡ, ಹೊಲದಲ್ಲಿ ಕನ್ನಡ. ಶಾಲೆಯ ಹೊಸ್ತಿಲನ್ನು ದಾಟಿದೊಡನೆ ಮಗುವು ಮೂಕವಾಗುತ್ತಿತ್ತು. ಅಂಥ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಪಾಠವನ್ನು ಹೇಳಿಸಿದ ಸಂಗತಿಯನ್ನು ನೀವೆಲ್ಲರೂ ಹೆಮ್ಮೆಯಿಂದ ಹೇಳುತ್ತೀರಿ. ಹೇಳತಕ್ಕದ್ದೇ. ಆದರೆ ಆ ಮಹಾಪುರುಷರು ಹಾಗೆ ಮಾಡಿದ್ದೇಕೆ? ತನ್ನ ನುಡಿಯಲ್ಲಿ ಕಲಿಯಲಾರದ ಮಗುವಿನ ಸಂಕಟವು ಅವರ ಕರುಳಿಗೆ ತಟ್ಟಿತ್ತು. ಆ ಫಲಕದ ಕಥೆಯನ್ನು ನೆನೆದು ಆ ಕರುಳನ್ನು ಮರೆತರೆ, ನಾವು ನೆನೆದುದಾದರೂ ಏನನ್ನು?

ನನ್ನ ತಂದೆಯವರು ಔರಾದ ಸೀಮೆಯ ಒಂದು ಹಳ್ಳಿಯಿಂದ ಓದಲೆಂದು ಬೀದರಕ್ಕೆ ಬಂದವರು. ಶಾಲೆಯ ಮೊದಲನೆಯ ದಿನದ ಸಂಗತಿಯನ್ನು ಅವರು ಮುಪ್ಪಿನಲ್ಲಿಯೂ ಹೇಳುತ್ತಿದ್ದರು. ಮಾಸ್ತರರು "ಕಿತಾಬ್ ನಿಕಾಲೋ" ಎಂದರಂತೆ. ಹುಡುಗರೆಲ್ಲ ಪುಸ್ತಕವನ್ನು ತೆರೆದರು. ನನ್ನ ತಂದೆ ಎದ್ದು ನಿಂತರು! ವರ್ಗವೆಲ್ಲ ನಕ್ಕಿತು. ಮರುದಿನ ಶಾಲೆಗೆ ಹೋಗುವದೇ ಬೇಡವೆಂದು ಅವರು ನಿಶ್ಚಯಿಸಿಬಿಟ್ಟಿದ್ದರು. ಆದರೆ ಪಕ್ಕದಲ್ಲಿ ಕುಳಿತಿದ್ದ ಹುಡುಗನೊಬ್ಬನು, ಉರ್ದು ಮನೆಮಾತಿನ ಗುಮಾಸ್ತರೊಬ್ಬರ ಮಗನು, ನಗಲಿಲ್ಲ. ಅಂಗಿಯ ತುದಿಯನ್ನು ಮೆಲ್ಲನೆ ಎಳೆದು ಕೂಡಿಸಿ, "ಪುಸ್ತಕಾ ತಗಿ" ಎಂದು ಕಿವಿಯಲ್ಲಿ ಹೇಳಿದನು. ಅಂದಿನಿಂದ ಮಾಸ್ತರರು ಒಂದು ಮಾತು ಹೇಳುವರು. ಆ ಹುಡುಗನು ಅದನ್ನು ಮುರುಕು ಕನ್ನಡದಲ್ಲಿ ಪಿಸುಗುಟ್ಟುವನು. "ನನಗೆ ಉರ್ದು ಕಲಿಸಿದವರು ಮಾಸ್ತರರಲ್ಲಪ್ಪಾ, ಅವನು" ಎಂದು ತಂದೆಯವರು ಹೇಳುತ್ತಿದ್ದರು. ಕೊನೆಯವರೆಗೂ ಅವರು ಕನ್ನಡವನ್ನು ಅಭಿಮಾನದಿಂದಲೂ ಉರ್ದುವನ್ನು ಪ್ರೀತಿಯಿಂದಲೂ ಓದಿದರು.

ರಾಜ್ಯದ ಕಟ್ಟಳೆಯು ಒಬ್ಬ ಬಾಲಕನ ನಾಲಗೆಯನ್ನು ಕಟ್ಟಿತ್ತು. ಅದೇ ರಾಜಭಾಷೆಯನ್ನಾಡುವ ಮನೆಯ ಇನ್ನೊಬ್ಬ ಬಾಲಕನು ಆ ಗಂಟನ್ನು ಬಿಚ್ಚಿದನು. ಅವನಿಗೆ ಯಾರು ನೀತಿಬೋಧೆ ಮಾಡಿದ್ದರು? ಯಾರೂ ಇಲ್ಲ. ಅವನು ಪಕ್ಕದಲ್ಲಿ ಕುಳಿತಿದ್ದನು, ಅಷ್ಟೇ. ಅವನ ತಂದೆಯು ಬಂದು "ನನ್ನ ಮಗನನ್ನು ಬೇರೆ ಕಡೆಗೆ ಕೂಡಿಸಿರಿ, ಈ ಹಳ್ಳಿಯ ಹುಡುಗನಿಂದ ಅಭ್ಯಾಸ ಕೆಡುತ್ತದೆ" ಎಂದು ಕೇಳಿದ್ದರೆ, ನನ್ನ ತಂದೆ ಊರಿಗೆ ಮರಳಿ ದನಗಳನ್ನು ಕಾಯುತ್ತಿದ್ದರು. ನಾನು ಈ ಸಭೆಯಲ್ಲಿ ನಿಂತಿರುತ್ತಿರಲಿಲ್ಲ.

ಇಂದಿನ ಮಗು

1956ನೆಯ ನವೆಂಬರ 1ರಂದು ಹಳೆಯ ಬೀದರ ಜಿಲ್ಲೆಯು ಒಡೆಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ಪ್ರಾಂತಕ್ಕೆ ಹೋದವು; ನಾರಾಯಣಖೇಡದ ಕಡೆಯ ಭಾಗವು ಆಂಧ್ರಕ್ಕೆ ಸೇರಿತು; ಬೀದರ, ಭಾಲ್ಕಿ, ಔರಾದ ಮೊದಲಾದವು ಕನ್ನಡ ರಾಜ್ಯವನ್ನು ಕೂಡಿದವು. ನಮ್ಮ ಹಿರಿಯರ ಕನಸು ಫಲಿಸಿತು. ಮಗುವು ತನ್ನ ತಾಯಿನುಡಿಯಲ್ಲಿ ಪಾಠ ಕೇಳುವ ಕಾಲ ಬಂದಿತು. ಆದರೆ ನಕ್ಷೆಯಲ್ಲಿ ಗೆರೆ ಎಳೆದಂತೆ ನಾಲಗೆಗಳ ನಡುವೆ ಗೆರೆ ಎಳೆಯಲು ಬರುವದಿಲ್ಲ. ಔರಾದದ ಗಡಿಯ ಹಳ್ಳಿಗಳಲ್ಲಿ ಮರಾಠಿಯನ್ನಾಡುವ ಮನೆಗಳಿವೆ; ತೆಲುಗನ್ನಾಡುವ ಮನೆಗಳಿವೆ; ಬೀದರದ ಓಣಿಗಳಲ್ಲಿ ಉರ್ದು ಮಾತನಾಡುವ ಮನೆಗಳಿವೆ; ತಾಂಡಾಗಳಲ್ಲಿ ತನ್ನದೇ ಲಿಪಿಯಿಲ್ಲದ ಗೋರಬೋಲಿಯನ್ನಾಡುವ ಮಕ್ಕಳಿದ್ದಾರೆ. ಈ ಮಕ್ಕಳು ಕನ್ನಡ ಶಾಲೆಯ ಹೊಸ್ತಿಲನ್ನು ದಾಟುವಾಗ ಒಮ್ಮೆ ಅವರ ಮುಖವನ್ನು ನೋಡಿರಿ. "ಪುಸ್ತಕ ತೆಗೆಯಿರಿ" ಎಂದರೆ ಎದ್ದು ನಿಲ್ಲುವ ಮಗು ಈಗ ಯಾವದು? ಅಂದು ನಾವು ಕುಳಿತಿದ್ದ ಸ್ಥಳದಲ್ಲಿ ಇಂದು ಆ ಮಗು ಕುಳಿತಿದೆ. ಅಂದು ಗುಮಾಸ್ತರ ಮಗನು ಕುಳಿತಿದ್ದ ಸ್ಥಳದಲ್ಲಿ ನಮ್ಮ ಮಗ ಕುಳಿತಿದ್ದಾನೆ. ನಮ್ಮ ಮಗನು ನಗುವನೋ, ಕಿವಿಯಲ್ಲಿ ಪಿಸುಗುಟ್ಟುವನೋ? ಮಹಾಶಯರೇ, ಕನ್ನಡದ ಗೌರವವು ಈ ಪ್ರಶ್ನೆಯಲ್ಲಿಯೇ ಇದೆ.

ಭಾಷೆಯ ಕಷ್ಟವೊಂದೇ ಅಲ್ಲ. ದಸರೆ ದೀಪಾವಳಿಗಳು ಕಳೆಯುತ್ತಿರುವಂತೆ ತಾಂಡಾಗಳ ಅನೇಕ ಕುಟುಂಬಗಳು ಗುಳೆ ಹೊರಡುತ್ತವೆ. ಕೆಲವರು ಮಹಾರಾಷ್ಟ್ರದ ಕಡೆಗೆ ಕಬ್ಬು ಕಡಿಯಲು. ಕೆಲವರು ಹೈದರಾಬಾದ, ಪುಣೆ, ಮುಂಬಯಿಗಳಿಗೆ ಕಟ್ಟಡದ ಕೆಲಸಕ್ಕೆ. ಮನೆಯಲ್ಲಿ ಅಜ್ಜಿ ಇದ್ದರೆ ಮಗುವು ಅಜ್ಜಿಯ ಬಳಿ ಉಳಿಯುತ್ತದೆ. ಇಲ್ಲದಿದ್ದರೆ ಪಾಟಿಚೀಲವನ್ನು ಗೂಟಕ್ಕೆ ತಗುಲಿಸಿ ತಾಯಿಯ ಹಿಂದೆ ಹೋಗುತ್ತದೆ. ಅಲ್ಲಿ ತಮ್ಮ ತಂಗಿಯರನ್ನು ಆಡಿಸುವದು, ನೀರು ತರುವದು ಅದರ ಅಭ್ಯಾಸಕ್ರಮ. ಬೇಸಿಗೆಯ ಹೊತ್ತಿಗೆ ಅದು ಮರಳಿ ಬಂದಾಗ ಸಹಪಾಠಿಗಳು ಭಾಗಾಕಾರವನ್ನು ಮುಗಿಸಿರುತ್ತಾರೆ. ತಾನು ಕೂಡುತ್ತಿದ್ದ ಸ್ಥಳದಲ್ಲಿ ಬೇರೊಬ್ಬನು ಕುಳಿತಿರುತ್ತಾನೆ. "ಬಂದೆಯಾ?" ಎಂದು ಕೇಳುವವರಿಲ್ಲ. ಪಾಠವು ತಪ್ಪಿದ ದುಃಖವನ್ನು ಆ ಮಗುವು ಸಹಿಸೀತು. ತಾನಿಲ್ಲದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲವೆಂಬ ದುಃಖವನ್ನು ಸಹಿಸದು. ಶಾಲೆಯನ್ನು ಬಿಟ್ಟ ಅನೇಕ ಮಕ್ಕಳು ನಿಜವಾಗಿ ಶಾಲೆಯನ್ನು ಬಿಟ್ಟದ್ದು ಗುಳೆ ಹೋದ ದಿನವಲ್ಲ, ಮರಳಿ ಬಂದ ದಿನ. ಇದು ನನ್ನ ಅನುಭವ.

ಇವರಲ್ಲದೆ ಮಳೆ ಕೈಕೊಟ್ಟು ತೊಗರಿ ಉದ್ದುಗಳು ಒಣಗಿದ ವರ್ಷ ಸಾಲಗಾರನ ಕೂಗನ್ನು ಕೇಳುತ್ತ ಮಲಗಿದ ಮಕ್ಕಳುಂಟು. ತಂದೆಯನ್ನು ಕಳೆದುಕೊಂಡ ಮಕ್ಕಳುಂಟು. ತಂದೆಯಿದ್ದೂ ಕುಡಿತದಿಂದ ಇಲ್ಲದಂತಾದ ಮಕ್ಕಳುಂಟು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿ ಪಾಠವು ಮೊಬೈಲಿಗೆ ಹೋದಾಗ, ಮೊಬೈಲಿಲ್ಲದ ಮನೆಯ ಮಗುವು ಹೇಗೆ ಒಮ್ಮೆಲೆ ಕಣ್ಮರೆಯಾಯಿತೆಂಬದನ್ನು ನಾವೆಲ್ಲರೂ ಕಂಡೆವು.

ನನ್ನ ತಪ್ಪು

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಇದು ನಡೆದು ಇಪ್ಪತ್ತು ವರ್ಷಗಳ ಮೇಲಾಯಿತು. ಭಾಲ್ಕಿ ತಾಲೂಕಿನ ಒಂದು ಶಾಲೆಯಲ್ಲಿ ನಾನು ಏಳನೆಯ ಇಯತ್ತೆಗೆ ಪಾಠ ಹೇಳುತ್ತಿದ್ದೆನು. ವಿದ್ಯಾರ್ಥಿವೇತನದ ಕಾಗದಗಳನ್ನು ಕಳಿಸುವ ಅವಧಿಯು ಮುಗಿಯುತ್ತ ಬಂದಿತ್ತು. ಮೇಲಿನವರ ಅವಸರ; ನನಗೂ ಅವಸರ. ಹಾಜರಿ ಮುಗಿದ ಕೂಡಲೆ, "ಜಾತಿ ಮತ್ತು ಆದಾಯದ ಪ್ರಮಾಣಪತ್ರವನ್ನು ತಾರದವರು ಎದ್ದು ನಿಲ್ಲಿರಿ" ಎಂದೆನು. ಮೊದಲನೆಯ ದಿನ ಎಂಟು ಮಂದಿ ನಿಂತರು. ಎರಡನೆಯ ದಿನ ಮೂವರು. ಮೂರನೆಯ ದಿನ ಒಬ್ಬಳೇ ಒಬ್ಬ ಹುಡುಗಿ. ತಂದೆಯಿಲ್ಲದ ಮಗು, ತಾಯಿಯು ಕೂಲಿಯನ್ನು ಬಿಟ್ಟು ತಹಶೀಲ ಕಚೇರಿಗೆ ಹೋದರೆ ಆ ದಿನದ ರೊಟ್ಟಿ ಇಲ್ಲ. ಇದು ನನಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಆದರೂ ನಿಲ್ಲಿಸಿದೆನು.

ಆಗ ಅವಳ ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಹುಡುಗಿಯೂ ಎದ್ದು ನಿಂತಳು. "ನೀನು ಮೊನ್ನೆಯೇ ಕೊಟ್ಟಿದ್ದೀಯಲ್ಲ, ನೀನೇಕೆ ನಿಂತೆ?" ಎಂದು ಗದರಿಸಿದೆನು. ಅವಳು ನೆಲವನ್ನು ನೋಡುತ್ತ, "ಅಕಿ ಒಬ್ಬಾಕೀನೇ ನಿಂತಾಳ್ರೀ ಸರ್" ಎಂದಳು.

ನನ್ನ ಕೈಯಲ್ಲಿದ್ದ ಹಾಜರಿ ಪುಸ್ತಕವು ಭಾರವಾಯಿತು. ಇಬ್ಬರನ್ನೂ ಕೂಡೆಂದು ಹೇಳಿದೆನು. ಆದರೆ ಆಗಿದ್ದು ಆಗಿಹೋಗಿತ್ತು. ಮೊದಲಿನ ಹುಡುಗಿ ಮರುದಿನದಿಂದ ಎಂಟು ದಿನ ಶಾಲೆಗೆ ಬರಲಿಲ್ಲ. ನಾನೇ ಅವಳ ಮನೆಗೆ ಹೋಗಿ, ಅವಳ ತಾಯಿಯ ಮುಂದೆ ತಪ್ಪನ್ನು ಒಪ್ಪಿಕೊಂಡು, ಆ ಕಾಗದದ ಕೆಲಸವನ್ನು ನಾನೇ ಮಾಡಿಸಿಕೊಟ್ಟ ಮೇಲೆ ಅವಳು ಬಂದಳು. ಬಂದ ದಿನ ಅವಳ ಸ್ಥಳವು ತೆರವಾಗಿಯೇ ಇತ್ತು. ಆ ಗೆಳತಿಯು ಎಂಟು ದಿನವೂ ಅಲ್ಲಿ ತನ್ನ ಚೀಲವನ್ನಿಟ್ಟು ಯಾರನ್ನೂ ಕೂಡಗೊಟ್ಟಿರಲಿಲ್ಲ.

ಈ ಬಾಲೆಗೆ ಇಂಥ ಬುದ್ಧಿಯನ್ನು ಕಲಿಸಿದವರು ಯಾರೆಂಬ ಕುತೂಹಲದಿಂದ ಒಂದು ಸಾಯಂಕಾಲ ಅವಳ ಮನೆಗೂ ಹೋದೆನು. ನಾಲ್ಕೆಕರೆ ಹೊಲ, ಎರಡು ಎಮ್ಮೆ, ಅಷ್ಟೇ ಅವರ ಬದುಕು. ತಾಯಿಯನ್ನು ಕೇಳಿದರೆ "ನಾವೇನು ಕಲಸೀವ್ರೀ ಮಾಸ್ತರ" ಎಂದು ನಕ್ಕಳು. ಅಷ್ಟರಲ್ಲಿ ನೆರೆಮನೆಯ ಮುದುಕಿಯೊಬ್ಬಳು ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಜ್ಜಿಗೆ ಕೇಳಲು ಬಂದಳು. ಪರಸ್ಥನಾದ ನನ್ನನ್ನು ಕಂಡು ಬಾಗಿಲಲ್ಲಿಯೇ ನಿಂತಳು. ಆ ತಾಯಿ ಮಾಡಿದ್ದನ್ನು ಕೇಳಿರಿ. ತಂಬಿಗೆಯ ಮಾತನ್ನೇ ಎತ್ತದೆ ಅದನ್ನು ತೆಗೆದುಕೊಂಡು ಒಳಗೆ ಹೋದಳು. ತುಂಬಿಕೊಂಡು ಬಂದು ಕೊಡುತ್ತ, "ಯವ್ವಾ, ನಮ್ಮ ಸಣ್ಣ ಹುಡುಗನ ಕೆಮ್ಮು ಹೋಗವಲ್ದು, ಏನ ಮಾಡ್ಲಿ ಹೇಳು" ಎಂದು ಕೇಳಿದಳು. ಮುದುಕಿಯ ಮುಖವು ಅರಳಿತು. ಬೇಡಲು ಬಂದವಳು ಮದ್ದನ್ನು ಹೇಳಿ, ತಾನೂ ಏನನ್ನೋ ಕೊಟ್ಟು ಹೋದಳು. ಹುಡುಗಿಯು ಮೂಲೆಯಲ್ಲಿ ಓದುತ್ತ ಕುಳಿತು ಇದನ್ನೆಲ್ಲ ನೋಡುತ್ತಿದ್ದಳು. ನನ್ನ ಪ್ರಶ್ನೆಗೆ ಉತ್ತರ ದೊರೆಯಿತು. ಅನುಕಂಪದ ಪಾಠಶಾಲೆಯು ಆ ಪಡಸಾಲೆ. ದಾಸೋಹವೆಂಬ ಶಬ್ದಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಎಲ್ಲಿಯೂ ಓದಿಲ್ಲ.

ಮಾಡತಕ್ಕದ್ದೇನು?

ಇದರಿಂದ ನಾನು ತಿಳಿದುಕೊಂಡ ಕೆಲವು ಸಂಗತಿಗಳನ್ನು ತಂದೆತಾಯಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುತ್ತೇನೆ.

ಮೊದಲನೆಯದು, ಮನೆಯ ಮಾತು. ಮಗುವು ನಾವು ಅದಕ್ಕೆ ಹೇಳಿದ್ದನ್ನು ಕಲಿಯುವದಿಲ್ಲ. ನಾವು ಇತರರ ವಿಷಯ ಆಡಿಕೊಳ್ಳುವದನ್ನು ಕಲಿಯುತ್ತದೆ. ಊಟಕ್ಕೆ ಕುಳಿತಾಗ "ಆ ತಾಂಡಾದವರು", "ಆ ಓಣಿಯವರು", "ಕುಡುಕನ ಮಗ" ಎಂಬ ಮಾತುಗಳು ನಮ್ಮ ಬಾಯಿಂದ ಬಂದರೆ, ಮರುದಿನ ಅವು ಶಾಲೆಯ ಅಂಗಳದಲ್ಲಿ ಕಲ್ಲುಗಳಾಗಿ ಬೀಳುತ್ತವೆ.

ಎರಡನೆಯದು, ಕೇಳುವ ಪ್ರಶ್ನೆ. ಮಗುವು ಶಾಲೆಯಿಂದ ಬಂದೊಡನೆ "ಎಷ್ಟು ಗುಣ ಬಂದವು?" ಎಂದು ಕೇಳುತ್ತೇವೆ. ವಾರದಲ್ಲಿ ಒಂದು ದಿನವಾದರೂ "ಇಂದು ಯಾರು ಬಂದಿರಲಿಲ್ಲ? ಏಕೆ ಬಂದಿರಲಿಲ್ಲ?" ಎಂದು ಕೇಳಿರಿ. ಉತ್ತರವು ತಿಳಿಯದಿದ್ದರೆ ಮರುದಿನ ತಿಳಿದುಕೊಂಡು ಬರುತ್ತದೆ. ತೆರವಾದ ಸ್ಥಳವನ್ನು ನೋಡುವ ಕಣ್ಣು ಹೀಗೆ ತೆರೆಯುತ್ತದೆ. ಆದರೆ ಕಾರಣವು ತಿಳಿದ ಮೇಲೆ ಅದು ಊರ ಮಾತಾಗದಂತೆ ಕಾಯುವದನ್ನೂ ಕಲಿಸಿರಿ. ಸಹಪಾಠಿಯ ದುಃಖವು ಸುದ್ದಿಯಲ್ಲ, ಒಪ್ಪಿಸಿದ ಒಡವೆ.

ಮೂರನೆಯದು, ಕೊಡುವ ರೀತಿ. ಹಳೆಯ ಅಂಗಿಯನ್ನು ಮಗುವಿನ ಕೈಯಿಂದಲೇ ವರ್ಗದ ಮುಂದೆ ಕೊಡಿಸಿ ಚಿತ್ರ ತೆಗೆಯಿಸುವ ಪದ್ಧತಿಯನ್ನು ದಯವಿಟ್ಟು ಬಿಡಿರಿ. ಕೊಟ್ಟ ಮಗುವಿನಲ್ಲಿ ಅಹಂಕಾರವೂ ಕೊಂಡ ಮಗುವಿನಲ್ಲಿ ಲಜ್ಜೆಯೂ ಅಲ್ಲದೆ ಅದರಿಂದ ಮತ್ತೇನೂ ಬೆಳೆಯುವದಿಲ್ಲ. ಕೊಡುವದಿದ್ದರೆ ಹಿರಿಯರು ಹಿರಿಯರ ಮೂಲಕ ಸದ್ದಿಲ್ಲದೆ ಕೊಡಲಿ. ಮಕ್ಕಳ ನಡುವೆ ಕೊಡುವದೂ ಕೊಳ್ಳುವದೂ ಎರಡೂ ಇರಲಿ. ತಾಂಡಾದ ಹುಡುಗನು ನಮ್ಮ ಹುಡುಗನಿಂದ ಭಾಗಾಕಾರವನ್ನು ಕಲಿಯಲಿ. ನಮ್ಮ ಹುಡುಗನು ಅವನಿಂದ ಗೋರಬೋಲಿಯ ಹತ್ತು ಮಾತು ಕಲಿಯಲಿ, ಕಬ್ಬಿನ ಗದ್ದೆಯ ಸುದ್ದಿಯನ್ನು ಕೇಳಲಿ. ಕಂಡದ್ದನ್ನು ಹೇಳುವವನು ಆ ಗಳಿಗೆಯಲ್ಲಿ ಗುರುವಾಗುತ್ತಾನೆ. ಅವನ ತಲೆ ತಾನೇ ಮೇಲೇಳುತ್ತದೆ.

ನಾಲ್ಕನೆಯದು, ಗುಳೆ ಹೋಗುವ ಮಗುವಿನ ಸ್ಥಳ. ಹೊರಡುವ ದಿನ ವರ್ಗವೆಲ್ಲ ಅದನ್ನು ಬೀಳ್ಕೊಡಲಿ. ಅದರ ಹೆಸರಿನ ಒಂದು ವಹಿಯಲ್ಲಿ ಸಹಪಾಠಿಗಳು ವಾರಕ್ಕೊಬ್ಬರಂತೆ ಪಾಠದ ಸಾರವನ್ನು ಬರೆದಿಡಲಿ. ಮರಳಿ ಬಂದ ದಿನ ಆ ವಹಿಯನ್ನು ಅದರ ಕೈಯಲ್ಲಿಟ್ಟು, ಹಳೆಯ ಸ್ಥಳದಲ್ಲಿಯೇ ಕೂಡಿಸಲಿ. ಔರಾದ ತಾಲೂಕಿನಲ್ಲಿ ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ನಾನಿದನ್ನು ಮಾಡಿ ನೋಡಿದ್ದೇನೆ. ಅದಕ್ಕೆ ತಗಲುವ ವೆಚ್ಚವು ಒಂದು ವಹಿಯ ಬೆಲೆ. ವಹಿಯ ಬರವಣಿಗೆಯಲ್ಲಿ ತಪ್ಪುಗಳಿದ್ದವು, ನಡುವೆ ಎರಡು ವಾರ ಬರೆಯಲು ಮರೆತಿದ್ದರು. ಆದರೂ ಅದನ್ನು ಕೈಗೆ ಕೊಟ್ಟಾಗ ಆ ಮಗುವಿನ ಮುಖದಲ್ಲಿ ಕಂಡ ಬೆಳಕನ್ನು ನಾನು ಮರೆಯಲಾರೆನು.

ಐದನೆಯದು, ಊಟದ ಪಂಕ್ತಿ. 2021ರ ಡಿಸೆಂಬರಿನಲ್ಲಿ, ಮಕ್ಕಳ ರಕ್ತಹೀನತೆ ಮತ್ತು ಅಪೌಷ್ಟಿಕತೆಗಳನ್ನು ಕಂಡು, ಬೀದರವೂ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆಯನ್ನೂ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡಲು ಆರಂಭಿಸಿದರು. ದೊಡ್ಡವರು ಅದರ ವಿಷಯ ದೊಡ್ಡ ಚರ್ಚೆ ಮಾಡಿದರು. ನನಗೆ ಬೇಕಾದದ್ದು ಇಷ್ಟೇ: ಮೊಟ್ಟೆಯ ಮಗುವೂ ಬಾಳೆಹಣ್ಣಿನ ಮಗುವೂ ಒಂದೇ ಪಂಕ್ತಿಯಲ್ಲಿ ಕೂಡಲಿ. ತನ್ನ ಮನೆಯಲ್ಲಿ ತಿನ್ನದಿರುವದು ಆ ಮಗುವಿನ ಮನೆಯ ಆಚಾರ. ಹಸಿದಾಗ ತಿನ್ನುವದು ಈ ಮಗುವಿನ ಜೀವದ ಅಗತ್ಯ. ಎರಡಕ್ಕೂ ಮರ್ಯಾದೆಯುಂಟು. ಇನ್ನೊಬ್ಬರ ತಾಟನ್ನು ನೋಡಿ ಮೂಗು ಮುರಿಯಕೂಡದೆಂಬ ಒಂದು ಶಿಕ್ಷಣವನ್ನು ತಾಯಂದಿರು ಕೊಟ್ಟರೆ ಸಾಕು.

ಆರನೆಯದು, ನನ್ನ ಗುರುಬಂಧುಗಳಿಗೆ. ಬಡತನವನ್ನು ಎದ್ದು ನಿಲ್ಲಿಸಬೇಡಿರಿ. ಕಾಗದ ಬೇಕಾದರೆ ಮಗುವನ್ನು ಬದಿಗೆ ಕರೆದು ಕೇಳಿರಿ. ಮನೆಗೆ ಹೋಗಿ ಕೇಳಿರಿ. 2009ರ ಶಿಕ್ಷಣ ಹಕ್ಕಿನ ಕಾಯದೆಯು ಮಗುವಿಗೆ ದೈಹಿಕ ದಂಡನೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನಾನು ಮಾಡಿದ್ದನ್ನು ಏನೆಂದು ಕರೆಯಬೇಕೋ ನೀವೇ ಹೇಳಿರಿ. ನಾವು ಒಬ್ಬನನ್ನು ನಿಲ್ಲಿಸಿದಾಗ ಉಳಿದ ನಲವತ್ತು ಮಕ್ಕಳೂ ಒಂದು ಪಾಠವನ್ನು ಕಲಿಯುತ್ತಾರೆ: ಇಲ್ಲದವರನ್ನು ನಿಲ್ಲಿಸಬಹುದು, ಇದ್ದವರು ಕುಳಿತು ನೋಡಬಹುದು. ಆ ಪಾಠವನ್ನು ಅಳಿಸಲು ಯಾವ ನೀತಿಕಥೆಯಿಂದಲೂ ಆಗದು.

ಎರಡು ಆಕ್ಷೇಪಗಳು

"ಇದರಿಂದ ನಮ್ಮ ಮಕ್ಕಳ ಓದು ಹಿಂದೆ ಬೀಳುವದಿಲ್ಲವೇ?" ಎಂಬದು ಮೊದಲನೆಯ ಆಕ್ಷೇಪ. ಇನ್ನೊಬ್ಬನಿಗೆ ತಿಳಿಸಿ ಹೇಳಿದವನಿಗೆ ಪಾಠವು ಎರಡು ಸಲ ಬರುತ್ತದೆಂಬದು ಶಿಕ್ಷಕರಾದ ನಮಗೆಲ್ಲ ಗೊತ್ತಿರುವ ಸಂಗತಿ. ನಮ್ಮ ವಿದ್ಯೆಯೆಲ್ಲ ಉಳಿದದ್ದೇ ಹೀಗೆ. ಆದರೂ ಒಂದೆರಡು ಗುಣಗಳು ಕಡಿಮೆಯಾದವೆಂದೇ ಇಟ್ಟುಕೊಳ್ಳಿರಿ. ನೀವು ಮುದುಕರಾಗಿ ಹಾಸಿಗೆ ಹಿಡಿದ ದಿನ ನಿಮ್ಮ ಮಗನ ಗುಣಪಟ್ಟಿಯು ನಿಮಗೆ ನೀರು ತಂದು ಕೊಡುವದಿಲ್ಲ. ಪಕ್ಕದವನ ನೋವನ್ನು ಕಾಣುವ ಕಣ್ಣಿದ್ದರೆ ಅವನು ತರುತ್ತಾನೆ. ಸಹಪಾಠಿಯನ್ನು ಕಾಣದ ಕಣ್ಣು ತಂದೆತಾಯಿಗಳನ್ನಾದರೂ ಕಂಡೀತೆಂಬ ಭರವಸೆಯೇನು?

"ಬಡತನವನ್ನು ಕಳೆಯುವದು ಸರಕಾರದ ಕೆಲಸ, ಮಕ್ಕಳ ತಲೆಯ ಮೇಲೆ ಅದನ್ನೇಕೆ ಹೊರಿಸುತ್ತೀರಿ?" ಎಂಬದು ಎರಡನೆಯ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ಮಕ್ಕಳ ಒಳ್ಳೆಯತನವನ್ನು ಮುಂದೆ ಮಾಡಿ ಹಿರಿಯರು ತಮ್ಮ ಕರ್ತವ್ಯವನ್ನು ತಪ್ಪಿಸಿಕೊಳ್ಳಬಾರದು. ಗೆಳತಿಯು ಎದ್ದು ನಿಂತದ್ದರಿಂದ ಆ ಹುಡುಗಿಯ ತಾಯಿಗೆ ಕೂಲಿ ಹೆಚ್ಚಲಿಲ್ಲ. ಕಾಗದವನ್ನು ನಾನು ಓಡಾಡಿ ಮಾಡಿಸಲೇಬೇಕಾಯಿತು. ಒಂದು ಶಾಲೆಯಿಂದ ಮತ್ತೊಂದಕ್ಕೆ, ರಾಜ್ಯದ ಹೊರಗೂ, ಸೇರುವ ಹಕ್ಕನ್ನು ಆ ಕಾಯದೆಯು ಮಗುವಿಗೆ ಕೊಟ್ಟಿದೆ. ವರ್ಗಾವಣೆಯ ಪತ್ರ ತಡವಾಯಿತೆಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸಕೂಡದು. ಇದನ್ನು ಗುಳೆ ಹೋಗುವ ತಂದೆಗೆ ತಿಳಿಸಿ ಹೇಳುವದು ಹಿರಿಯರ ಕೆಲಸ. ಸಂವಿಧಾನಕ್ಕೆ 371(ಜೆ) ವಿಧಿಯು ಸೇರಿ ಈ ಭಾಗಕ್ಕೆ ದೊರೆತ ವಿಶೇಷ ಸವಲತ್ತಿನ ಫಲವು ತಾಂಡಾದ ಗುಡಿಸಲವರೆಗೆ ಮುಟ್ಟುವಂತೆ ನೋಡುವದೂ ಹಿರಿಯರ ಕೆಲಸವೇ. ಆದರೆ ಸರಕಾರವು ಅನ್ನವನ್ನು ಕೊಡಬಲ್ಲದು. ಹಾಲು, ಪುಸ್ತಕ, ಸಮವಸ್ತ್ರಗಳನ್ನು ಕೊಡಬಲ್ಲದು. ಪಕ್ಕದಲ್ಲಿ ಕೂಡುವ ಗೆಳೆಯನನ್ನು ಯಾವ ಸರಕಾರವೂ ಕೊಡಲಾರದು. ಅದನ್ನು ಕೊಡತಕ್ಕವರು ನಾವು.

ಮುಗಿಸುವ ಮುನ್ನ

ಬಂಧುಗಳೇ, ಈ ಊರಿನಲ್ಲಿ 1472ರಲ್ಲಿ ಮಹಮೂದ ಗವಾನನು ಕಟ್ಟಿಸಿದ ಮದರಸೆಯನ್ನು ನೀವು ದಿನವೂ ನೋಡುತ್ತೀರಿ. ಅವನು ಪರದೇಶದಿಂದ ಬಂದವನು. ದೂರದ ನಾಡುಗಳ ವಿದ್ವಾಂಸರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಆಶ್ರಯವನ್ನು ಕಲ್ಪಿಸಿದನು. ಭಾಲ್ಕಿಯ ಮಠವು ನುಡಿ ಕಳೆದುಕೊಂಡ ಮಕ್ಕಳಿಗೆ ಕನ್ನಡವನ್ನು ಕೊಟ್ಟಿತು. ಕಲ್ಯಾಣವು ದಾಸೋಹವನ್ನು ಕೊಟ್ಟಿತು. ಹೊರಗಿನಿಂದ ಬಂದವನನ್ನು ಪಕ್ಕದಲ್ಲಿ ಕೂಡಿಸಿಕೊಳ್ಳುವದು ಈ ಮಣ್ಣಿಗೆ ಹೊಸದಲ್ಲ. ನಾವು ಹೊಸದಾಗಿ ಕಲಿಯಬೇಕಾದದ್ದೇನೂ ಇಲ್ಲ, ಮರೆಯದಿದ್ದರೆ ಸಾಕು.

ಕನ್ನಡ ನಾಡು ಒಂದಾಗಬೇಕೆಂದು ನಮ್ಮ ಹಿರಿಯರು ಹೋರಾಡಿದರು, ನಾಡು ಒಂದಾಯಿತು. ಆದರೆ ಹೊಲಗಳೂ ಊರುಗಳೂ ಕೂಡಿದ ಮಾತ್ರಕ್ಕೆ ನಾಡು ಕೂಡಿದಂತಾಗಲಿಲ್ಲ. ಔರಾದದ ತಾಂಡಾದ ಮಗುವೂ ಬೀದರದ ವ್ಯಾಪಾರಿಯ ಮಗುವೂ ಒಂದೇ ಬೆಂಚಿನ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕುಳಿತು, ಒಬ್ಬನು ತಡವರಿಸಿದಾಗ ಇನ್ನೊಬ್ಬನು ಕಿವಿಯಲ್ಲಿ ಹೇಳಿಕೊಟ್ಟ ದಿನ ಅದು ಪೂರ್ಣವಾಗುವದು. ಆ ತಾಂಡಾದ ಮಗುವು ಮುಂದೆ ದೊಡ್ಡದಾಗಿ, "ನನಗೆ ಕನ್ನಡ ಕಲಿಸಿದವನು ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗ" ಎಂದು ತನ್ನ ಮಕ್ಕಳಿಗೆ ಹೇಳುವಂತಾದರೆ, ಕನ್ನಡಕ್ಕೆ ಅದಕ್ಕಿಂತ ದೊಡ್ಡ ಗೆಲುವು ಮತ್ತಾವದು?

ನನ್ನ ಮನೆಗೆ ಬಂದಿದ್ದ ಆ ಸದ್ಗೃಹಸ್ಥರು ಈ ಸಭೆಯಲ್ಲಿ ಇದ್ದಾರೆಂದು ಬಲ್ಲೆನು. ಅವರಲ್ಲಿ ನನ್ನದೊಂದೇ ಬಿನ್ನಹ. ಸ್ವಾಮೀ, ಬರುವ ವರ್ಷವೂ ವಹಿಗಳನ್ನು ಕೊಡಿರಿ, ಬೇಡವೆನ್ನುವದಿಲ್ಲ. ಆದರೆ ಅದಕ್ಕೂ ಮೊದಲು, ನಿಮ್ಮ ಮಗನ ಪಕ್ಕದಲ್ಲಿ ಆ ಹುಡುಗನು ಕುಳಿತಿದ್ದಾನಲ್ಲ, ಅವನನ್ನು ಅಲ್ಲಿಯೇ ಇರಗೊಡಿರಿ.